560500ಕ್ಕೆ ಹೋಗದ ಕವರು

9 ನವೆಂಬರ್ 2025, ಭಾನುವಾರ

ಸ್ಕೂಟರಿನ ಎಮಿಷನ್ ಮುಗಿದು ವಾರವಾಗಿತ್ತು. ತಿಂಡಿಯಾದ ಮೇಲೆ ಕಾರ್ಡ್ ರಸ್ತೆಯ ಪೆಟ್ರೋಲ್ ಬಂಕಿಗೆ ಹೋದೆ. ಹಳೇ ಚೀಟಿ ಕೊಡಿ ಮೇಡಂ ಅಂದ ಹುಡುಗ. ಡಿಕ್ಕಿ ತೆಗೆದು, ಆರ್‌ಸಿ, ಇನ್ಶೂರೆನ್ಸ್ ಇಟ್ಟಿರುವ ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕಿದೆ. ಕೈಗೆ ಬಂದದ್ದು ಉದ್ದನೆಯ ಬಿಳಿ ಕವರು. ಅಂಟಿಸಿದ ಹಾಗೇ ಇದೆ. ಮೇಲೆ ಅಪ್ಪನ ಗುಂಡನೆಯ ಅಕ್ಷರ: ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್, ಆದಾಯ ತೆರಿಗೆ ಇಲಾಖೆ, ಬೆಂಗಳೂರು 560500.

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಚೀಟಿ ಸಿಗಲಿಲ್ಲ ಅಂತ ಹುಡುಗನಿಗೆ ಹೇಳಿದೆ. ಪರವಾಗಿಲ್ಲ ಮೇಡಂ, ನಂಬರ್ ಸಾಕು ಅಂದ.

ಆಗಸ್ಟ್ 9, ಎರಡನೇ ಶನಿವಾರ. ಅಪ್ಪ ತಮ್ಮ ಲೆಕ್ಕವನ್ನೆಲ್ಲ ಮೊದಲು ಹಾಳೆಯ ಮೇಲೆ ಬರೆದುಕೊಂಡು ಪಕ್ಕದಲ್ಲಿ ಕೂತಿದ್ದರು, ನಾನು ಒಂದೊಂದೇ ಅಂಕಿ ತುಂಬಿದ್ದೆ. ರಿಟರ್ನ್ಸ್ ಅಪ್‌ಲೋಡ್ ಆಯಿತು. ವೆರಿಫೈ ಮಾಡಲು ಆಧಾರ್ ಓಟಿಪಿ ಬೇಕು. ಅದು ಹೋಗುವುದು ಅಮ್ಮನ ನಂಬರಿಗೆ. ತವರಿನಲ್ಲಿ ಫೋನು ಅಂದರೆ ಅಮ್ಮನದೇ. ಬ್ಯಾಂಕಿಗೂ ಅದೇ, ಗ್ಯಾಸಿಗೂ ಅದೇ, ಅಪ್ಪನ ಆಧಾರಿಗೂ ಅದೇ ನಂಬರು. ಅಮ್ಮ ಹೋದ ಮೇಲೆ ರೀಚಾರ್ಜ್ ಮಾಡುವ ಮನಸ್ಸು ಯಾರಿಗೂ ಆಗಲಿಲ್ಲ, ನಂಬರೂ ಹೋಯಿತು. ಇನ್ನೊಂದು ದಾರಿ ಇತ್ತು: ಐಟಿಆರ್-ವಿ ಅನ್ನುವ ಒಂದು ಪುಟ ಪ್ರಿಂಟ್ ತೆಗೆದು, ನೀಲಿ ಇಂಕಿನಲ್ಲಿ ಸಹಿ ಮಾಡಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸುವುದು. ಅಪ್ಪನಿಗೆ ಇದೇ ಸಮಾಧಾನ. ಸಹಿ ಹಾಕಿ, ಮಡಚಿ, ಗೋಂದು ಹಚ್ಚಿ, ನನ್ನ ಕೈಗೆ ಕೊಟ್ಟರು.

ಸೋಮವಾರ, 11ನೇ ತಾರೀಖು. ಇಲೆಕ್ಟ್ರಾನಿಕ್ ಸಿಟಿ ಕಡೆಗೆ ಹಳದಿ ಮೆಟ್ರೊ ಜನರಿಗೆ ಬಿಟ್ಟ ದಿನ. ಹಿಂದಿನ ದಿನ ತಾನೇ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ದರು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನನ್ನ ಕವರು ಹೋಗಬೇಕಾದ್ದೂ ಅದೇ ಕಡೆಗೆ. ಬಸವೇಶ್ವರನಗರದ ಅಂಚೆ ಕಚೇರಿಯ ಮುಂದೆ ಗಾಡಿ ನಿಲ್ಲಿಸಿದ್ದೆ ಕೂಡ. ಸಾಲು ಬಾಗಿಲಿನ ಆಚೆಗೂ ಇತ್ತು, ಮಳೆ ಹನಿಯುತ್ತಿತ್ತು. ನೆನೆಯಬಾರದೆಂದು ಕವರನ್ನು ಚೀಲದೊಳಗೆ ಇಟ್ಟೆ. ಸಂಜೆ ಬಂದರಾಯಿತು ಅಂದುಕೊಂಡೆ.

ಇದನ್ನು ಬರೆಯಲೇಬೇಕು. ಗೌರಿ ಹಬ್ಬಕ್ಕೆ ಮೊದಲು ಒಂದು ರಾತ್ರಿ ಅಪ್ಪ ಕೇಳಿದ್ದರು, "ಪುಟ್ಟಿ, ಕವರು ಹಾಕಿದ್ಯೇನಮ್ಮಾ?" ನಾನು ಒಗ್ಗರಣೆ ಹಾಕುತ್ತಿದ್ದೆ. ತಿರುಗಿಯೂ ನೋಡದೆ "ಹೂಂ ಅಪ್ಪ" ಅಂದುಬಿಟ್ಟೆ.

10 ನವೆಂಬರ್, ಸೋಮವಾರ

ನಮ್ಮ ಆಫೀಸಿನ ಲೆಕ್ಕ ನೋಡುವ ಆಡಿಟರು ವಿಜಯನಗರದಲ್ಲಿ ಮಾರುತಿ ಮಂದಿರದ ಹತ್ತಿರ ಮಹಡಿಯ ಮೇಲೆ ಕೂರುತ್ತಾರೆ. ಸಂಜೆ ಹೋದೆ. ಕವರು ಮೇಜಿನ ಮೇಲಿಟ್ಟೆ. ಅವರು ಅದನ್ನು ಒಡೆಯಲಿಲ್ಲ, ಬೆಳಕಿಗೆ ಹಿಡಿದು ನೋಡಿದರು.

"ಅಪ್‌ಲೋಡ್ ಆದ್ರೆ ಫೈಲ್ ಆಯ್ತು ಅಂದ್ಕೋತಾರೆ ಮೇಡಂ ಎಲ್ಲರೂ. ಆಗಿರಲ್ಲ."

ಅವರು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡಂತೆ ಬರೆದಿಡುತ್ತೇನೆ. ಅಪ್‌ಲೋಡ್ ಮಾಡಿದ ಮೇಲೆ ವೆರಿಫೈ ಮಾಡಲು 30 ದಿನ ಸಮಯ. ಮೊದಲು 120 ದಿನ ಇತ್ತಂತೆ, 2022ರ ಆಗಸ್ಟ್ 1ರಿಂದ 30ಕ್ಕೆ ಇಳಿಸಿದರು. 30 ದಿನದೊಳಗೆ ಮಾಡಿದರೆ ಅಪ್‌ಲೋಡ್ ಆದ ದಿನವೇ ಸಲ್ಲಿಸಿದ ದಿನ. ದಾಟಿತೋ, ವೆರಿಫೈ ಆದ ದಿನವೇ ಸಲ್ಲಿಸಿದ ದಿನವಾಗುತ್ತದೆ. ಅಪ್ಪನ 30 ದಿನ ಸೆಪ್ಟೆಂಬರ್ 8ಕ್ಕೆ ಮುಗಿಯಿತು. ಈ ವರ್ಷ ಕಡೇ ದಿನಾಂಕವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹಾಕಿದ್ದರು, ಅವತ್ತು ರಾತ್ರಿ ಇನ್ನೊಂದು ದಿನ ಸೇರಿಸಿ 16 ಮಾಡಿದರು. ಆ 16ರೊಳಗೆ ಈ ಕವರು ನೆನಪಾಗಿದ್ದರೂ ಉಳಿದುಕೊಳ್ಳುತ್ತಿದ್ದೆವು. ಈಗ ನವೆಂಬರ್. ಯಾವತ್ತು ವೆರಿಫೈ ಮಾಡಿದರೂ ತಡವಾಗಿ ಸಲ್ಲಿಸಿದ ರಿಟರ್ನ್ಸ್ ಅಂತಲೇ ಲೆಕ್ಕ.

"ಎಷ್ಟಾಗುತ್ತೆ?"

"ಒಟ್ಟು ಆದಾಯ ಐದು ಲಕ್ಷದೊಳಗಿದ್ರೆ ಒಂದು ಸಾವಿರ. ದಾಟಿದ್ರೆ ಐದು."

ಅಪ್ಪನದು ಪಿಂಚಣಿ, ಎಫ್‌ಡಿ ಬಡ್ಡಿ ಎಲ್ಲ ಸೇರಿ, ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು, 6,07,000.

"ಆದ್ರೆ ಸರ್, ಅವರಿಗೆ ತೆರಿಗೇನೇ ಇಲ್ವಲ್ಲ. ಹೋದ ವರ್ಷದ ಲೆಕ್ಕಕ್ಕೆ ಏಳು ಲಕ್ಷದವರೆಗೆ ರಿಬೇಟ್ ಇದೆಯಲ್ಲ."

"ತೆರಿಗೆ ಇಲ್ಲ. ಆದ್ರೆ ಮೂರು ಲಕ್ಷ ದಾಟಿದ ಮೇಲೆ ರಿಟರ್ನ್ಸ್ ಹಾಕೋ ಬಾಧ್ಯತೆ ಇದೆಯಲ್ಲ? ಶುಲ್ಕ ಆ ಬಾಧ್ಯತೆಗೆ."

ಬ್ಯಾಂಕಿನವರು ಬಡ್ಡಿಯಲ್ಲಿ 11,400 ಟಿಡಿಎಸ್ ಕಟ್ ಮಾಡಿದ್ದರು. ಅಮ್ಮ ಕಾಯಿಲೆ ಬಿದ್ದ ವರ್ಷ. ಟಿಡಿಎಸ್ ಬೇಡವೆಂದು 15ಎಚ್ ಫಾರಂ ಕೊಡುವುದು ಯಾರಿಗೆ ನೆನಪಿತ್ತು? ಆ ಹಣ ವಾಪಸ್ ಬರಲೆಂದೇ ಅಪ್ಪ ಆಗಸ್ಟಿನಲ್ಲೇ ಕೂತಿದ್ದು. ಡಿಸೆಂಬರ್ 31ರೊಳಗೆ ಇದನ್ನು ಸರಿಪಡಿಸದಿದ್ದರೆ ಆ ರಿಫಂಡಿನ ಕಥೆಯೂ ಮುಗಿದಂತೆ. ಆಮೇಲೆ ಹಾಕಬಹುದಾದ ಅಪ್‌ಡೇಟೆಡ್ ರಿಟರ್ನ್ಸಿನಲ್ಲಿ ರಿಫಂಡ್ ಕೇಳಲು ಬರುವುದಿಲ್ಲ.

ಏಳುವಾಗ ನಾನು ದಂಡ ಅಂದೆ. ಅವರು ತಿದ್ದಿದರು. ದಂಡ ಹಿಂದೆ ಇತ್ತು, 271ಎಫ್ ಅಂತ. ಅದನ್ನು ಹಾಕಬೇಕಾದರೆ ಅಧಿಕಾರಿ ಯಾಕೆ ತಡವಾಯಿತು ಅಂತ ಕೇಳಬೇಕಿತ್ತು, ಕಾರಣ ಸರಿಯೆನಿಸಿದರೆ ಬಿಟ್ಟುಬಿಡಬಹುದಿತ್ತು. 2017ರ ಹಣಕಾಸು ಕಾಯ್ದೆಯಲ್ಲಿ ಅದರ ಜಾಗಕ್ಕೆ 234ಎಫ್ ಬಂತು. ಅದು ಶುಲ್ಕ. ಶುಲ್ಕಕ್ಕೆ ಕಾರಣ ಕೇಳುವವರಿಲ್ಲ, ಕಂಪ್ಯೂಟರೇ ಕೂಡಿಸಿಕೊಂಡು ಹೋಗುತ್ತದೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಈ ಎರಡು ಪದಗಳೇ ತಲೆಯಲ್ಲಿ. ದಂಡ ಕೇಳಲು ಕೆಟ್ಟ ಪದ, ಆದರೆ ಅದರಲ್ಲಿ ಎದುರಿಗೊಬ್ಬ ಮನುಷ್ಯನಿದ್ದ. ಶುಲ್ಕ ಎಷ್ಟು ಮೆತ್ತಗಿನ ಪದ. ಅದರ ಹಿಂದೆ ಯಾರೂ ಇಲ್ಲ. ದೇಶದ ಮೂಲೆಮೂಲೆಯವರ ರಿಟರ್ನ್ಸ್ ಬಂದು ಸೇರುವ ಕೇಂದ್ರ ನಮ್ಮ ಊರಿನಲ್ಲೇ ಇದೆ. ನಾವು ಈ ತುದಿ, ಅದು ಆ ತುದಿ.

ಅಪ್ಪನಿಗೆ ಇವತ್ತು ಹೇಳಲಾಗಲಿಲ್ಲ.

11 ನವೆಂಬರ್, ಮಂಗಳವಾರ

ಹೇಳಿದೆ. ಊಟವಾದ ಮೇಲೆ, ಅವರು ಅಡಿಕೆ ಕತ್ತರಿಸುತ್ತಿದ್ದಾಗ. ಕವರು ಮುಂದಿಟ್ಟು, ಹಾಕಲು ಮರೆತೆ ಅಪ್ಪ ಅಂದೆ. ಐದು ಸಾವಿರ ಹೋಗುತ್ತದೆ ಅಂದೆ. ಗೌರಿ ಹಬ್ಬದ ಹಿಂದಿನ ಆ "ಹೂಂ" ಮಾತ್ರ ಬಾಯಿಗೆ ಬರಲಿಲ್ಲ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಅಡಕತ್ತರಿ ಕೆಳಗಿಟ್ಟು ಕವರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಲೇಟು ಅಂತ ಬರುತ್ತೇನಮ್ಮ ನನ್ನ ಹೆಸರಲ್ಲಿ?" ಅಷ್ಟೇ ಕೇಳಿದ್ದು.

ಖಜಾನೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವರು ಅವರು. ಚಿಕ್ಕವರಿದ್ದಾಗ ನನಗೂ ತಂಗಿಗೂ ಮಾರ್ಚ್ 31 ಅಂದರೆ ಅಪ್ಪ ಮನೆಗೆ ಬಾರದ ರಾತ್ರಿ. ಬೇರೆ ಬೇರೆ ಕಚೇರಿಗಳವರು ಬಿಲ್ಲು ಹಿಡಿದು ನಡುರಾತ್ರಿವರೆಗೆ ಸಾಲು ನಿಲ್ಲುತ್ತಿದ್ದರಂತೆ; ಹನ್ನೆರಡು ದಾಟಿದರೆ ಆ ವರ್ಷದ ಅನುದಾನ ರದ್ದು. ಬೆಳಗಿನ ಜಾವ ಬಂದು, ಯುಗಾದಿ ಹತ್ತಿರವಿದ್ದರೂ, ಮಧ್ಯಾಹ್ನದವರೆಗೆ ಮಲಗಿರುತ್ತಿದ್ದರು. ಸ್ವಂತ ರಿಟರ್ನ್ಸ್ ಅಂತೂ ಜುಲೈ ಬರುವ ಮುಂಚೆಯೇ ಸಿದ್ಧ. ಕಾಗದದ ಕಾಲದಲ್ಲಿ ಕ್ವೀನ್ಸ್ ರಸ್ತೆಯ ಸಿ.ಆರ್. ಬಿಲ್ಡಿಂಗಿಗೆ ತಾವೇ ಹೋಗಿ ಕೊಟ್ಟು, ಮೊಹರು ಒತ್ತಿಸಿದ ಸ್ವೀಕೃತಿ ತರುತ್ತಿದ್ದರು. ಆ ಸ್ವೀಕೃತಿಗಳೆಲ್ಲ ಇವತ್ತಿಗೂ ಒಂದು ಖಾಕಿ ಫೈಲಿನಲ್ಲಿ ವರ್ಷವಾರು ಇವೆ.

ಈ ಮನುಷ್ಯನ ಹೆಸರಿನ ಮುಂದೆ ನಾನು ತಡ ಅಂತ ಬರೆಸಿದೆ.

12 ನವೆಂಬರ್

ತಂಗಿ ಕೆಂಗೇರಿಯಿಂದ ಫೋನ್ ಮಾಡಿದ್ದಳು. "ಐದು ಸಾವಿರ ತಾನೇ ಅಕ್ಕ, ಹಂಚಿಕೊಳ್ಳೋಣ ಬಿಡು" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆದರೂ ಮನಸ್ಸಿಗೆ ಹಿತವಾಗಲಿಲ್ಲ.

15 ನವೆಂಬರ್, ಶನಿವಾರ

ಅಪ್ಪನ ಆಧಾರಿಗೆ ಹೊಸ ನಂಬರ್ ಸೇರಿಸಲು ಹೋಗಿದ್ದೆವು. ಕವರನ್ನೇ ಈಗ ಕಳಿಸಬಹುದಿತ್ತು. ಆದರೆ ಮುಂದಿನ ವರ್ಷ ಮತ್ತೆ ಇದೇ ಗೋಳು ಬೇಡವೆಂದು ಆಡಿಟರು ಈ ದಾರಿ ಹೇಳಿದರು. ಟೋಕನ್ ತೆಗೆದುಕೊಂಡು ಒಂದೂವರೆ ಗಂಟೆ ಕಾದೆವು. ಅಕ್ಟೋಬರಿನಿಂದ ಶುಲ್ಕ 50ರ ಬದಲು 75 ಆಗಿದೆ. ಅಪ್ಪ ರಸೀತಿ ಕೇಳಿ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಕಂಪ್ಯೂಟರಿನ ಮುಂದಿದ್ದ ಹುಡುಗಿ, "ಹಳೇ ನಂಬರ್ ತೆಗೀಲಾ ತಾತ?" ಅಂದಳು. ಅಪ್ಪ ಕೇಳಿಸದವರ ಹಾಗೆ ಕೂತಿದ್ದರು. ನಾನೇ ತೆಗೀರಿ ಅಂದೆ. ಆ ಹತ್ತು ಅಂಕಿ ನನಗೂ ಬಾಯಿಪಾಠ. ಮದುವೆಯಾದ ಮೇಲೆ ಇಪ್ಪತ್ತು ವರ್ಷ ದಿನಾ ಒತ್ತಿದ ನಂಬರು.

ಬರುವಾಗ ಹಾವನೂರು ಸರ್ಕಲ್ಲಿನಲ್ಲಿ ಕಾಫಿ ಕುಡಿದೆವು. ಅಪ್ಪ ಅಮ್ಮನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಹಳ ಹೊತ್ತು ಕೂತಿದ್ದೆವು.

22 ನವೆಂಬರ್, ಶನಿವಾರ

ಹೊಸ ನಂಬರು ಸೇರಿಕೊಂಡಿದೆ. ಬೆಳಿಗ್ಗೆ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. 30 ದಿನ ದಾಟಿದವರು ವೆರಿಫೈ ಮಾಡಲು ಹೋದರೆ ಮೊದಲು ವಿಳಂಬ ಮನ್ನಿಸಿ ಎಂಬ ಕೋರಿಕೆ ಸಲ್ಲಿಸಬೇಕು, ಕಾರಣ ಕೊಡಬೇಕು. ಕಾರಣದ ಜಾಗ ಬಂದಾಗ ನಾನು ಹೇಳಿದೆ, "ಅನಾರೋಗ್ಯ ಅಂತ ಹಾಕೋಣ ಅಪ್ಪ. ಎಲ್ಲರೂ ಅದನ್ನೇ ಹಾಕ್ತಾರಂತೆ."

"ಯಾರಿಗೆ ಅನಾರೋಗ್ಯ?"

"ನಿಮಗೆ ಬಿಪಿ ಇದೆಯಲ್ಲ."

"ಬಿಪಿ ಇದ್ದದ್ದಕ್ಕೆ ತಡವಾಯ್ತಾ?"

ನಾನು ಸುಮ್ಮನಾದೆ. ಅವರೇ ಹೇಳಿದರು, ನಾನು ಬರೆದೆ: ಸಹಿ ಮಾಡಿದ ನಮೂನೆಯನ್ನು ಅಂಚೆಗೆ ಹಾಕಲು ಮರೆತದ್ದರಿಂದ. ಯಾರು ಮರೆತರು ಅನ್ನುವುದು ಆ ವಾಕ್ಯದಲ್ಲಿ ಇಲ್ಲ. ಓದುವವರು ಅವರೇ ಮರೆತರು ಅಂದುಕೊಳ್ಳುತ್ತಾರೆ. ಅದನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ.

"ಅಪ್ಪ, ನೀವು ಹಬ್ಬದ ಮುಂಚೆ ಕೇಳಿದ್ರಿ. ನಾನು ಹಾಕದೇನೇ ಹೂಂ ಅಂದಿದ್ದೆ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ನಾನು ರಸೀತಿ ಕೇಳಬೇಕಿತ್ತು ಪುಟ್ಟಿ. ಸರ್ವಿಸ್ ಪೂರ್ತಿ ಯಾರ ಹತ್ರಾನೂ ರಸೀತಿ ಇಲ್ದೆ ಬಿಟ್ಟವನಲ್ಲ ನಾನು. ನಿನ್ನ ಹತ್ರ ಹೇಗೆ ಕೇಳೋದು ಅಂತ ಬಿಟ್ಟೆ."

ಓಟಿಪಿ ಬಂತು. ಅವರು ಆರು ಅಂಕಿಯನ್ನು ಒಂದೊಂದಾಗಿ ಓದಿದರು. ಅವರ ಫೋನಿಗೆ, ಅವರ ಹೆಸರಿನಲ್ಲಿ ಬಂದ ಮೊದಲನೇ ಓಟಿಪಿ ಅದು.

ನಮ್ಮ ಯಜಮಾನರು ಹೊರಗಿನಿಂದ ಬಂದು, ಮುಗೀತಾ ಅಂದರು. ಮುಗೀತು ಅಂದೆ. ಕಣ್ಣು ಒರೆಸಿಕೊಳ್ಳಲು ಅಡುಗೆಮನೆಗೆ ಹೋದೆ.

2 ಡಿಸೆಂಬರ್

ಕೋರಿಕೆ ಮಂಜೂರಾಗಿದೆ ಅಂತ ಮೆಸೇಜು. ಅಪ್ಪನಿಗೆ ಒಂದು ಆಸೆ ಹುಟ್ಟಿದ್ದು ಮುಖದಲ್ಲೇ ಗೊತ್ತಾಗುತ್ತಿತ್ತು. ಮನ್ನಿಸಿದರೆ ಆಗಸ್ಟಿನ ತಾರೀಖೇ ಹಿಡಿಯಬಹುದೇನೋ ಅಂದರು. ಆಡಿಟರಿಗೆ ಫೋನ್ ಮಾಡಿದೆ. ಹೆಚ್ಚು ಆಸೆ ಇಟ್ಟುಕೋಬೇಡಿ ಅಂದರು. ಅದನ್ನು ಅಪ್ಪನಿಗೆ ಹೇಳಲಿಲ್ಲ.

12 ಡಿಸೆಂಬರ್, ಶುಕ್ರವಾರ

143(1)ರ ಇಂಟಿಮೇಷನ್ ಬಂದಿದೆ. ತೆರೆಯಲು ಪಾನ್ ನಂಬರನ್ನು ಸಣ್ಣಕ್ಷರದಲ್ಲಿ ಹಾಕಿ ಹುಟ್ಟಿದ ದಿನಾಂಕ ಸೇರಿಸಬೇಕು. ನಾವು ಕೊಟ್ಟ ಲೆಕ್ಕ ಒಂದು ಸಾಲಿನಲ್ಲಿ, ಅವರು ಮಾಡಿದ ಲೆಕ್ಕ ಪಕ್ಕದ ಸಾಲಿನಲ್ಲಿ. ಆದಾಯ ಅದೇ. ತೆರಿಗೆ ಸೊನ್ನೆ, ಅದೂ ಅದೇ. ಟಿಡಿಎಸ್ 11,400, ಅದೂ ಸರಿ. ಕೆಳಗೆ 234ಎಫ್ ಎದುರಿಗೆ ನಮ್ಮ ಸಾಲಿನಲ್ಲಿ 0, ಅವರ ಸಾಲಿನಲ್ಲಿ 5,000. ವಾಪಸ್ ಬರುವುದು 6,400. ವಿಳಂಬವನ್ನು ಮನ್ನಿಸಿದ್ದಾರೆ, ಶುಲ್ಕವನ್ನು ಮನ್ನಿಸಿಲ್ಲ.

ಸಂಜೆ ಮತ್ತೆ ವಿಜಯನಗರ. ಈ ಸಲ ಅಪ್ಪನೂ ಬಂದರು, ಮೆಟ್ಟಿಲು ನಿಧಾನವಾಗಿ ಹತ್ತಿದರು. ಆಡಿಟರು ಎದ್ದು ನಿಂತು ಕುರ್ಚಿ ಕೊಟ್ಟರು. ರೆಕ್ಟಿಫಿಕೇಷನ್ ಹಾಕಿ ನೋಡಬಹುದು ಸರ್, ಗ್ರೀವೆನ್ಸ್ ಹಾಕಬಹುದು, ಆದರೆ ನಿಯಮ ಅವರ ಕಡೆಗಿದೆ ಅಂದರು. 2024ರ ಮಾರ್ಚ್ 31ರ ಅಧಿಸೂಚನೆಯಲ್ಲಿ ಇದೇ ಮಾತನ್ನು ಇನ್ನೊಮ್ಮೆ ಸ್ಪಷ್ಟವಾಗಿ ಬರೆದಿದ್ದಾರಂತೆ: 30 ದಿನ ದಾಟಿದರೆ ತಡವಾಗಿ ಸಲ್ಲಿಸಿದ್ದರ ಪರಿಣಾಮಗಳೆಲ್ಲ ಅನ್ವಯ.

ಮಾರ್ಚ್ 31 ಅಂದದ್ದಕ್ಕೆ ಅಪ್ಪ ತಲೆ ಎತ್ತಿದರು.

"ಬೇಡ ಸರ್," ಅಂದರು. "ಗಡುವು ಹಾಕಿದ ಮೇಲೆ ಗಡುವೇ. ನಾನೂ ಆ ಕಡೆ ಕೂತಿದ್ದವನು."

ಹೊರಡುವಾಗ ಆಡಿಟರು, ಎರಡು ವರ್ಷ ಕಳೆದು ನಿಮಗೆ ಎಪ್ಪತ್ತೈದಾದ ಮೇಲೆ, ಪಿಂಚಣಿಯೂ ಬಡ್ಡಿಯೂ ಒಂದೇ ಬ್ಯಾಂಕಿನಲ್ಲಿದ್ದರೆ ಅಲ್ಲೇ ಒಂದು ಘೋಷಣೆ ಕೊಟ್ಟು ರಿಟರ್ನ್ಸಿನಿಂದ ಬಿಡುಗಡೆ ಪಡೆಯಬಹುದು ಅಂದರು. ಅಪ್ಪ ನಕ್ಕು, "ಕೈಲಾಗೋವರೆಗೆ ಹಾಕ್ತೀನಿ ಬಿಡಿ" ಅಂದರು.

ದಾರಿಯಲ್ಲಿ, ಆಟೋದಲ್ಲಿ, ಅವರೇ ಹೇಳತೊಡಗಿದರು. ನಾನು ಯಾವತ್ತೂ ಕೇಳಿರದ ಸಂಗತಿ. ಒಂದು ತಾಲ್ಲೂಕಿನ ಉಪಖಜಾನೆಯಲ್ಲಿದ್ದಾಗ, ಹಾಸ್ಟೆಲಿನ ಅಡುಗೆಯವಳ ಬಾಕಿ ಸಂಬಳದ ಬಿಲ್ಲು ಏಪ್ರಿಲ್ 1ರ ಬೆಳಿಗ್ಗೆ ಬಂತಂತೆ. ಬಿಲ್ಲು ತಂದ ಗುಮಾಸ್ತನ ಬಸ್ಸು ರಾತ್ರಿ ದಾರಿಯಲ್ಲೇ ಕೆಟ್ಟು ನಿಂತಿತ್ತು. ಆ ಹೆಂಗಸೂ ಜೊತೆಯಲ್ಲೇ ಬಂದಿದ್ದಳು. ಅಪ್ಪ ಆಕ್ಷೇಪಣೆ ಬರೆದು ವಾಪಸ್ ಕೊಟ್ಟರು. ಬೇರೆ ದಾರಿ ಇರಲಿಲ್ಲ, ಅನುದಾನವೇ ರದ್ದಾಗಿತ್ತು. ಮತ್ತೆ ಮಂಜೂರಾಗಿ ಅವಳ ಕೈಸೇರುವ ಹೊತ್ತಿಗೆ ಎಂಟು ತಿಂಗಳು.

"ನಿಯಮ ಸರಿಯಾಗೇ ಇತ್ತು. ನಾನೂ ಸರಿಯಾಗೇ ಮಾಡಿದೆ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಅವಳನ್ನ ಕೂರಿಸಿ, ಯಾಕೆ ತಡ ಆಯ್ತಮ್ಮ ಅಂತ ಕೇಳಿದೆ. ಹೇಳಿದ್ಲು. ಪೂರ್ತಿ ಕೇಳಿಸ್ಕೊಂಡೆ. ನೀರು ಕೊಟ್ಟು ಕಳಿಸಿದೆ."

ನಾನು ಅವರ ಕೈ ಹಿಡಿದುಕೊಂಡೆ. ಐದು ಸಾವಿರದ ಮಾತಲ್ಲ ಇದು ಅಂತ ನನಗೆ ಮೊದಲ ದಿನದಿಂದ ಅನ್ನಿಸುತ್ತಿತ್ತು, ಯಾವ ಮಾತು ಅಂತ ಗೊತ್ತಾಗಿರಲಿಲ್ಲ. ಅಪ್ಪನಿಗೆ ಹಣ ಹೋದದ್ದಕ್ಕೆ ನೋವಿಲ್ಲ. ಕಾರಣ ಅಂತ ಅವರು ಅಷ್ಟು ಯೋಚಿಸಿ ಹೇಳಿದ ಆ ಒಂದು ವಾಕ್ಯವನ್ನು ಯಾರಾದರೂ ಓದಿದರೇ ಇಲ್ಲವೇ ಅನ್ನುವುದು ಅವರಿಗೆ ತಿಳಿಯುವ ಹಾಗಿಲ್ಲ.

14 ಡಿಸೆಂಬರ್, ಭಾನುವಾರ

ಐದು ಸಾವಿರ ರೂಪಾಯಿ ಕವರಿನಲ್ಲಿ ಹಾಕಿ ಅಪ್ಪನಿಗೆ ಕೊಟ್ಟೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ತೆಗೆದುಕೊಂಡರು. ಎಣಿಸಿದರು. ತಮ್ಮ ಲೆಕ್ಕದ ಪುಸ್ತಕ ತೆರೆದು, ಖರ್ಚಿನ ಕಡೆ ತಡ ಶುಲ್ಕ 5,000 ಅಂತ ಬರೆದರು. ಜಮೆಯ ಕಡೆ ಪುಟ್ಟಿಯಿಂದ 5,000. ಒಂದು ಚೀಟಿಯ ಮೇಲೆ ರಸೀತಿ ಬರೆದು ಸಹಿ ಹಾಕಿ ನನಗೆ ಕೊಟ್ಟರು. ಆ ಚೀಟಿ ಈ ಪುಟಕ್ಕೇ ಅಂಟಿಸಿದ್ದೇನೆ.

ಆಮೇಲೆ ಖಾಕಿ ಫೈಲು ತೆಗೆದರು. ಈ ವರ್ಷದ ಸ್ವೀಕೃತಿ, ಇಂಟಿಮೇಷನ್, ಆಧಾರಿನ 75 ರೂಪಾಯಿ ರಸೀತಿ ಪಂಚ್ ಮಾಡಿ ದಾರಕ್ಕೆ ಪೋಣಿಸಿದರು. ಒಡೆಯದ ಆ ಬಿಳಿ ಕವರನ್ನೂ ಪಂಚ್ ಮಾಡಿದರು. ಅದು ಯಾಕೆ ಅಪ್ಪ, ಹರಿದು ಹಾಕಿ ಅಂದೆ. "ಕಡತದಲ್ಲಿ ಎಲ್ಲಾ ಇರಬೇಕು," ಅಂದರು.

18 ಡಿಸೆಂಬರ್

6,400 ಜಮೆಯಾಗಿದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದರು. ಏಪ್ರಿಲ್ ಮೊದಲ ವಾರವೇ 15ಎಚ್ ಕೊಡಬೇಕು ಅಂತ ಹೊಸ ಕ್ಯಾಲೆಂಡರಿನಲ್ಲಿ ಈಗಲೇ ಗುರುತು. ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ; ಫಾರಂ ಅದೇ ಇರುತ್ತೋ ಇಲ್ಲವೋ ಆಡಿಟರ ಹತ್ತಿರ ಕೇಳು ಅಂದಿದ್ದಾರೆ.

31 ಡಿಸೆಂಬರ್, ಬುಧವಾರ

ಸಂಜೆ ಪಾರ್ಕಿನಿಂದ ಅಪ್ಪ ಒಬ್ಬರೇ ಬರಲಿಲ್ಲ. ಎದುರು ಸಾಲಿನ ರಿಟೈರ್ಡ್ ಟೀಚರಮ್ಮನೂ ಜೊತೆಯಲ್ಲಿ. ಅವರ ಮೊಮ್ಮಗ ಹೋದ ವಾರ ರಿಟರ್ನ್ಸ್ ಅಪ್‌ಲೋಡ್ ಮಾಡಿ ಊರಿಗೆ ಹೋಗಿದ್ದಾನೆ, ವೆರಿಫೈ ಆಮೇಲೆ ಮಾಡಿದರಾಯಿತು ಅಂತ ಹೇಳಿ. ಅಪ್ಪ ಪಾರ್ಕಿನಲ್ಲಿ ಸಿಕ್ಕಿದವರನ್ನೆಲ್ಲ ಈಗ ಇದನ್ನೇ ಕೇಳುತ್ತಾರೆ.

"ಇನ್ನೂ ಮೂವತ್ತು ದಿನ ಇದೆಯಂತಲ್ಲ, ನಾಳೆ ನಾಡಿದ್ದು ಮಾಡಿದ್ರೆ ಆಗಲ್ವಾ?" ಅಂದರು ಟೀಚರಮ್ಮ.

"ಆಗುತ್ತಮ್ಮ. ಆದ್ರೂ ಇವತ್ತೇ ಆಗಲಿ," ಅಂದರು ಅಪ್ಪ. ನನ್ನ ಕಡೆ ತಿರುಗಿ, "ಲ್ಯಾಪ್‌ಟಾಪ್ ತಾ ಪುಟ್ಟಿ. ಒಲೆ ಮೇಲೇನಾದ್ರೂ ಇದ್ರೆ ಆರಿಸಿ ಬಾ."

ಆರಿಸಿ ಬಂದೆ. ಟೀಚರಮ್ಮನ ಫೋನ್ ಅಪ್ಪನ ಕೈಯಲ್ಲಿತ್ತು. ಓಟಿಪಿ ಬರಲು ಎರಡು ನಿಮಿಷ ಹಿಡಿಯಿತು.